ಮೂರನೇ ಬೂತಿನ ಒಂದು ಮತ

ಅಂಗಡಿಯಲ್ಲಿ ಪಕ್ಕದವರು ಕಾರ್ಡ್ ಹಾಕಿ ಪಿನ್ ಒತ್ತುವಾಗ ನಾವೆಲ್ಲ ನೋಡದ ಹಾಗೆ ನಟಿಸುತ್ತೇವೆ. ಮೇಷ್ಟ್ರು ನಟಿಸುತ್ತಿರಲಿಲ್ಲ. ಪೂರ್ತಿ ಬೆನ್ನು ತಿರುಗಿಸಿ, ಕೈಗಳನ್ನು ಹಿಂದೆ ಕಟ್ಟಿಕೊಂಡು, ಗೋಡೆ ನೋಡುತ್ತಾ ನಿಲ್ಲುತ್ತಿದ್ದರಂತೆ. ಮಗಳು "ಅಪ್ಪಾ, ಆಯ್ತು" ಅಂದ ಮೇಲೇ ಈ ಕಡೆ ತಿರುಗುವುದು. ನಾನು ಅವರನ್ನು ಮುಖಾಮುಖಿ ನೋಡಿದ್ದು ಒಂದೇ ಸಲ, ಡಬ್ಲಿನ್ನಿನಲ್ಲಿ ಒಂದು ಸಂಕ್ರಾಂತಿ ಊಟದ ದಿನ. ಏನೋ ಫೋಟೊ ತೋರಿಸೋಣವೆಂದು ನಾನು ಫೋನಿನ ಲಾಕ್ ತೆಗೆಯಲು ಹೊರಟರೆ, ಎಳ್ಳುಬೆಲ್ಲದ ತಟ್ಟೆ ಹಿಡಿದುಕೊಂಡೇ ಅವರು ಅತ್ತ ತಿರುಗಿಬಿಟ್ಟರು. ನಾನೇ ಏನೋ ತಪ್ಪು ಮಾಡಿದೆ ಅನ್ನಿಸಿತು.

"ಅವರು ಹಂಗೇ ಕಣಮ್ಮ, ತಲೆ ಕೆಡಿಸ್ಕೋಬೇಡ," ಅಂದರು ಅವರ ಹೆಂಡತಿ. "ನಲವತ್ತು ವರ್ಷ ಸಂಸಾರ ಮಾಡಿದೀನಿ. ಈ ಮನುಷ್ಯ ಯಾರಿಗೆ ಓಟ್ ಹಾಕ್ತಾರೆ ಅಂತ ಇವತ್ತಿಗೂ ನಂಗೊತ್ತಿಲ್ಲ."

ಮೇಷ್ಟ್ರು ಮಧುಗಿರಿ ಕಡೆಯ ಸರ್ಕಾರಿ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟು ನಿವೃತ್ತರಾದವರು. ಮಗಳು ಡಬ್ಲಿನ್ನಿನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಡಾಕ್ಟರ್. ಅವರ ಬಾಣಂತನಕ್ಕೆಂದು ಗಂಡ ಹೆಂಡತಿ ಮೂರು ತಿಂಗಳ ಮಟ್ಟಿಗೆ ಬಂದಿದ್ದರು. ಅಷ್ಟರಲ್ಲಿ ಕೊರೋನಾ ಬಂತು, ವಿಮಾನಗಳು ನಿಂತವು, ವರ್ಷದ ಮೇಲಾದರೂ ಇಬ್ಬರೂ ಡಬ್ಲಿನ್ನಿನ ಹೊರವಲಯದ ಲೆಪರ್ಡ್ಸ್‌ಟೌನ್‌ನ ಮಗಳ ಮನೆಯಲ್ಲೇ ಉಳಿದರು. ಬಾಣಂತನ ಮುಗಿಸಿ ಮಗಳು ಆಸ್ಪತ್ರೆಗೆ ವಾಪಸ್ ಹೋಗಿ ಕೋವಿಡ್ ವಾರ್ಡಿನಲ್ಲಿ ಡ್ಯೂಟಿ ಮಾಡುವ ಕಾಲವೂ ಬಂತು.

ಪಾಠ ಹೇಳಿದ ಬಗ್ಗೆ ಮೇಷ್ಟ್ರು ಮಾತೇ ಆಡುತ್ತಿರಲಿಲ್ಲ. ಮಾತೆಲ್ಲ ಚುನಾವಣೆ ಡ್ಯೂಟಿಯದು. ಪಂಚಾಯ್ತಿಯಿಂದ ಲೋಕಸಭೆವರೆಗೆ ಯಾವ ಚುನಾವಣೆ ಬಂದರೂ ಅವರಿಗೆ ಆರ್ಡರ್ ಬರುತ್ತಿತ್ತಂತೆ. ಬೇರೆ ಮೇಷ್ಟ್ರುಗಳು ಬಿಪಿ, ಶುಗರ್ ಎಂದು ಸರ್ಟಿಫಿಕೇಟ್ ತಂದು ತಪ್ಪಿಸಿಕೊಂಡರೆ ಇವರು ಖುಷಿಯಿಂದ ಜಮಖಾನ ಸುತ್ತಿಕೊಂಡು ಹೊರಡುವುದು. ಅರಗು, ದಾರ, ಮೇಣದಬತ್ತಿ, ಬೆರಳಿಗೆ ಹಚ್ಚುವ ಶಾಯಿ ಎಲ್ಲವನ್ನೂ ಪಟ್ಟಿ ಹಿಡಿದು ಎಣಿಸಿಕೊಳ್ಳುವುದು, ಯಾವುದೋ ಊರಿನ ಶಾಲೆಯಲ್ಲಿ ಬೆಂಚು ಜೋಡಿಸಿ ಮಲಗುವುದು. "ನನ್ ಬೂತಲ್ಲಿ ಒಂದೇ ಒಂದ್ ಸಲಾನೂ ರೀಪೋಲ್ ಆಗಿಲ್ಲ" ಎನ್ನುವುದು ಅವರು ಎಲ್ಲಿ ಕೂತರೂ ಹೇಳುವ ಮಾತು. ಮರುಮತದಾನ ಅಂದರೆ ಆ ಬೂತಿನ ಅಧಿಕಾರಿ ಎಡವಿದ ಎಂದು ತಾಲ್ಲೂಕಿಗೆಲ್ಲ ಡಂಗುರ ಹೊಡೆಸಿದ ಹಾಗೆ. ಕೇಳಿ ಕೇಳಿ ನಮಗೆಲ್ಲ ಆ ಮಾತು ಬಾಯಿಪಾಠವಾಗಿತ್ತು.

ಆಗ ನಾನು ಐರ್ಲೆಂಡಿನ ನಡುವಿನ ಸಣ್ಣ ಪಟ್ಟಣ ಅತ್ಲೋನ್‌ನಲ್ಲಿ ಮಾಸ್ಟರ್ಸ್ ಮುಗಿಸಿ ಅಲ್ಲೇ ಒಂದು ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ್ದೆ. ಜೊತೆಯಲ್ಲಿದ್ದ ಇಬ್ಬರು ಹುಡುಗಿಯರು ಸಿಕ್ಕ ಮೊದಲ ವಿಮಾನ ಹಿಡಿದು ಊರಿಗೆ ಹೋದರು. ಬೆಳಗ್ಗೆ ಲ್ಯಾಬ್, ಸಂಜೆ ಶ್ಯಾನನ್ ನದಿಯ ಸೇತುವೆವರೆಗೆ ನಡೆದು ವಾಪಸ್, ಆಮೇಲೆ ರೂಮು. ಲಾಕ್‌ಡೌನ್ ನಿಯಮದಂತೆ ಮನೆಯಿಂದ ಐದು ಕಿಲೋಮೀಟರ್ ಆಚೆ ಹೋಗುವ ಹಾಗಿರಲಿಲ್ಲ, ಹೋಗಬೇಕೆಂದು ಅನ್ನಿಸುತ್ತಲೂ ಇರಲಿಲ್ಲ. ನಿಜ ಹೇಳಬೇಕೆಂದರೆ ಏನೂ ಅನ್ನಿಸುತ್ತಿರಲಿಲ್ಲ. ಅಮ್ಮ ಫೋನಿನಲ್ಲಿ ಅಳುತ್ತಿದ್ದರೆ ನಾನು ಕೆಟಲ್ ಆಫ್ ಆಗುವುದನ್ನು ಕಾಯುತ್ತಿದ್ದೆ. ಲ್ಯಾಬಿನಲ್ಲಿ ಯಾರಾದರೂ ಹೇಗಿದ್ದೀಯ ಎಂದರೆ "ಗ್ರ್ಯಾಂಡ್" ಅನ್ನುತ್ತಿದ್ದೆ. ಚೆನ್ನಾಗಿದೀನಿ ಅನ್ನುವುದಕ್ಕೆ ಇಲ್ಲಿ ಎಲ್ಲರೂ ಹಾಗೇ ಅನ್ನುತ್ತಾರೆ, ಮತ್ತೆ ಯಾರೂ ಕೇಳುವುದಿಲ್ಲ.

ಸಂಜೆ ಆರರಿಂದ ಎಂಟು ಗಂಟೆ ಮಾತ್ರ ಬೇರೆ. ಆಗ ನಾನು 'ನಮ್ಮೂರು' ಆಡುತ್ತಿದ್ದೆ. ಐರ್ಲೆಂಡಿನಲ್ಲಿ ಚದುರಿಹೋಗಿದ್ದ ಮೂವತ್ತು ಜನ ಕನ್ನಡದವರು ಸೇರಿ ಆನ್‌ಲೈನಿನಲ್ಲಿ ಕಟ್ಟಿಕೊಂಡ ಊರು ಅದು. ಪ್ರತಿಯೊಬ್ಬರಿಗೂ ಒಂದು ಗೊಂಬೆ. ಗೊಂಬೆ ಕಲ್ಲು ಅಗೆಯುತ್ತದೆ, ಮನೆ ಕಟ್ಟುತ್ತದೆ, ಪಕ್ಕದ ಗೊಂಬೆಯ ಜೊತೆ ಹೆಡ್‌ಫೋನಿನಲ್ಲಿ ಹರಟುತ್ತದೆ. ಆ ವರ್ಷ ಅಮ್ಮನನ್ನು ಬಿಟ್ಟರೆ ನನ್ನ ಜೊತೆ ಕನ್ನಡ ಮಾತಾಡುತ್ತಿದ್ದವರು ಆ ಗೊಂಬೆಗಳೇ. ಅಲ್ಲಿಂದ ಹೊರಬಿದ್ದರೆ ನನಗೆ ಈ ದೇಶದಲ್ಲಿ ಯಾರೂ ಇರಲಿಲ್ಲ.

ಊರನ್ನು ಶುರು ಮಾಡಿದವರು ಡಬ್ಲಿನ್ನಿನ ರಘು ಅಣ್ಣ. ಯಾರನ್ನು ಒಳಗೆ ಬಿಡಬೇಕು, ಯಾರನ್ನು ಹೊರಹಾಕಬೇಕು, ಯಾರು ಎಲ್ಲಿ ಮನೆ ಕಟ್ಟಬೇಕು ಎಲ್ಲ ಅವರ ಕೈಯಲ್ಲಿತ್ತು. ನಾನು ಐರ್ಲೆಂಡಿಗೆ ಬಂದ ಹೊಸದರಲ್ಲಿ ಆರು ವಾರ ಅವರ ಮನೆಯ ಸಣ್ಣ ರೂಮಿನಲ್ಲಿದ್ದೆ. ಅತ್ಲೋನ್‌ನಲ್ಲಿ ಮನೆ ಹುಡುಕಿಕೊಟ್ಟವರು ಅವರು, ಲ್ಯಾಬಿನ ಕೆಲಸಕ್ಕೆ ಯಾರಿಗೋ ಒಂದು ಮಾತು ಹೇಳಿದವರೂ ಅವರೇ. ಅವರ ಹೆಂಡತಿ ಸುಮಾ ಅತ್ತಿಗೆ ತಿಂಗಳಿಗೊಮ್ಮೆ ಪೋಸ್ಟಿನಲ್ಲಿ ಚಟ್ನಿಪುಡಿ ಕಳಿಸುತ್ತಿದ್ದರು. ಇವೆಲ್ಲ ಸಣ್ಣ ಋಣಗಳಲ್ಲ.

ಜಗಳ ಹುಟ್ಟಿದ್ದು ಕೆರೆ ಬೀದಿಯಿಂದ. ಕಾರ್ಕ್ ನಗರದ ಪಕ್ಕದ ರಿಂಗಾಸ್ಕಿಡಿಯ ಔಷಧಿ ಕಾರ್ಖಾನೆಯಲ್ಲಿ ಶಿಫ್ಟ್ ಮಾಡುತ್ತಿದ್ದ ರೇಷ್ಮಾ, ಅವಳ ಜೊತೆಯ ಕಾರ್ಕಿನವರು ಸೇರಿ ನಮ್ಮೂರಿನ ಕೆರೆಯ ಪಕ್ಕ ಒಂದು ಬೀದಿ ಕಟ್ಟಿದ್ದರು. ಬೇಕರಿ, ಬಸ್ ಸ್ಟ್ಯಾಂಡು, ಸೈಕಲ್ ಶಾಪು. ಎರಡು ತಿಂಗಳ ಕೆಲಸ. ಒಂದು ಸಂಜೆ ಹೋಗಿ ನೋಡಿದರೆ ಬೀದಿ ಇಲ್ಲ, ಮಟ್ಟಸ ಮಾಡಿದ ನೆಲ. ರಘು ಅಣ್ಣ ಅಲ್ಲಿ ಸ್ಟೇಡಿಯಂ ಕಟ್ಟಲು ಹೊರಟಿದ್ದರು.

"ಒಂದ್ ಮಾತು ಕೇಳ್ಬೇಕಿತ್ತಲ್ವಾ ಅಣ್ಣಾ?" ಅಂದಳು ರೇಷ್ಮಾ. ಅವಳ ದನಿ ಏರಲಿಲ್ಲ.

"ಊರಿನ ಒಳ್ಳೇದಕ್ಕೇ ಕಣಮ್ಮ ಮಾಡಿದ್ದು. ಅಧ್ಯಕ್ಷ ಆದ್ಮೇಲೆ ಕೆಲವು ಡಿಸಿಷನ್ ತಗೋಬೇಕಾಗುತ್ತೆ."

"ನಿಮ್ಮನ್ನ ಅಧ್ಯಕ್ಷ ಅಂತ ಮಾಡಿದ್ದು ಯಾರು?"

ರಘು ಅಣ್ಣ ನಕ್ಕು, "ಸರಿ, ಎಲೆಕ್ಷನ್ ಮಾಡ್ಬಿಡೋಣ, ಗ್ರ್ಯಾಂಡ್," ಅಂದರು. ತಾವೇ ಗೆಲ್ಲುವುದೆಂದು ಅವರಿಗೆ ನಂಬಿಕೆಯಿತ್ತು. ಅವರ ಎದುರು ರೇಷ್ಮಾ ನಿಂತಳು. ನಡೆಸುವವರು ಯಾರು ಎಂದಾಗ ಎಲ್ಲರ ಬಾಯಲ್ಲೂ ಒಂದೇ ಹೆಸರು ಬಂತು. ಮೇಷ್ಟ್ರು ಅಷ್ಟು ದಿನ ಅಳಿಯನ ಲ್ಯಾಪ್‌ಟಾಪಿನ ಮುಂದೆ ಕೂತು, ಊರಿನ ಮೂಲೆಯಲ್ಲಿ ಯಾರ ತಂಟೆಗೂ ಹೋಗದೆ ಪೈರು ಬೆಳೆಯುತ್ತಿದ್ದರು. ಆಟದಲ್ಲಿ ಅದು ಗೋಧಿ. ಅವರು ರಾಗಿ ಅನ್ನುತ್ತಿದ್ದರು.

ನಿಯಮಗಳನ್ನು ಕೈಯಲ್ಲೇ ಬರೆದರು. ನಾಲ್ಕು ಪುಟ. ಫೋಟೊ ತೆಗೆದು ಗ್ರೂಪಿಗೆ ಹಾಕಿದರು. ಬೂತಿನ ನೂರು ಹೆಜ್ಜೆಯೊಳಗೆ ಪ್ರಚಾರ ಕೂಡದು. ಒಳಗೆ ಒಬ್ಬರಿದ್ದರೆ ಇನ್ನೊಬ್ಬರು ಹೋಗಕೂಡದು. ಓಟು ಹಾಕುವಾಗ ಸ್ಕ್ರೀನ್ ಯಾರಿಗೂ ತೋರಿಸಕೂಡದು, ಗಂಡ ಹೆಂಡತಿಗೂ ಸಹ. ರಘು ಅಣ್ಣನಿಗೆ ಕುರ್ಚಿ ಗುರುತು, ರೇಷ್ಮಾಗೆ ಕೊಡೆ. ಬೂತಿನ ಒಳಗೆ ಗೋಡೆಯ ಮರೆಯಲ್ಲಿ ಗುರುತಿಗೊಂದರಂತೆ ಎರಡು ಗುಂಡಿ. ಮತದಾರರಿಗೆ ಒಂದೊಂದು ಬಿಳಿ ಕಲ್ಲು. ಯಾವ ಗುಂಡಿಗೆ ಹಾಕಿದರೂ ಅದು ಕೆಳಗಿನ ಪೆಟ್ಟಿಗೆಯಲ್ಲಿ ಆ ಗುರುತಿನ ಖಾನೆಗೆ ಬೀಳುತ್ತದೆ. ಪೆಟ್ಟಿಗೆಯ ಬಾಯಿಗೆ ಅರಗಿನ ಬದಲು ಕೆಂಪು ಇಟ್ಟಿಗೆಯ ಸೀಲು.

"ಒಂದು ಆಟಕ್ಕೆ ಇಷ್ಟೆಲ್ಲಾ ಯಾಕೆ ಮೇಷ್ಟ್ರೇ? ಕೈ ಎತ್ತಿಸಿದ್ರೆ ಸಾಕಲ್ವಾ?" ಎಂದು ಯಾರೋ ಕೇಳಿದರು.

ಮೇಷ್ಟ್ರು ಉತ್ತರಕ್ಕೆ ಒಂದು ಹಳೆಯ ಕತೆ ಹೇಳಿದರು. ಯಾವುದೋ ಊರಿನ ಬೂತಿನಲ್ಲಿ ಕೂಲಿ ಹೆಂಗಸೊಬ್ಬಳು ಓಟಿಗೆ ಬಂದಿದ್ದಳಂತೆ. ಅವಳು ಕೂಲಿಗೆ ಹೋಗುವ ಗೌಡರು ಬಾಗಿಲಿನ ಎದುರೇ ನಿಂತಿದ್ದರು. ಹೆಂಗಸಿನ ಕೈ ನಡುಗಿ ಶಾಯಿ ಮೇಜಿನ ಮೇಲೆಲ್ಲ ಚೆಲ್ಲಿತು. "ನಾನು ಅವಳಿಗೆ ಹೇಳ್ದೆ. ತಾಯಿ, ಆ ಮರೆ ಒಳಗೆ ನೀನೊಬ್ಬಳೇ. ಅಲ್ಲಿ ದೇವ್ರೂ ಇಣುಕಲ್ಲ. ಹೋದ್ಳು, ಒತ್ತಿದ್ಳು, ಬಂದ್ಳು. ಬರುವಾಗ ಕೈ ನಡುಗ್ತಾ ಇರ್ಲಿಲ್ಲ." ಕೈ ಎತ್ತುವ ಮಾತು ಅಲ್ಲಿಗೆ ನಿಂತಿತು.

ನಾನು ಕೇಳಿದ್ದು ಬೇರೆ ಪ್ರಶ್ನೆ. ಮೇಷ್ಟ್ರು ಮೂರು ಬೂತು ಕಟ್ಟಿಸಿದ್ದರು: ಡಬ್ಲಿನ್ನಿನವರಿಗೆ ಒಂದು, ಕಾರ್ಕಿನವರಿಗೆ ಎರಡು, ಅತ್ಲೋನ್‌ನವರಿಗೆ ಮೂರು. ಅತ್ಲೋನ್‌ನವರು ಇದ್ದದ್ದು ನಾಲ್ಕೇ ಜನ. "ನಮಗೊಂದು ಬೂತ್ ಯಾಕೆ ಮೇಷ್ಟ್ರೇ? ಡಬ್ಲಿನ್ ಬೂತಿಗೇ ಬರ್ತೀವಿ. ಒಂದ್ ನಿಮಿಷದ ದಾರಿ," ಅಂದೆ.

"ಆಗಲ್ಲಮ್ಮಾ ಅತ್ಲೋನು," ಅಂದರು. ನನ್ನನ್ನು ಅವರು ಕರೆಯುತ್ತಿದ್ದದ್ದೇ ಹಾಗೆ. "ಓಟರ್ ಬೂತಿಗೆ ಎರಡು ಕಿಲೋಮೀಟರ್‌ಗಿಂತ ಜಾಸ್ತಿ ನಡೀಬಾರ್ದು. ಗುಡ್ಡದ ಮೇಲೆ ನಾಲ್ಕೇ ಮನೆ ಇರ್ಲಿ, ನಾವು ಪೆಟ್ಟಿಗೆ ಹೊತ್ಕೊಂಡ್ ಹೋಗ್ಬೇಕು. ಅದು ನಮ್ ಕರ್ತವ್ಯ."

ಗೊಂಬೆಗಳಿಗೆ ಕಾಲು ನೋಯುವುದಿಲ್ಲ ಎಂದು ನಾನು ಹೇಳಲಿಲ್ಲ. ಅವರ ದನಿಯಲ್ಲಿ ಅಷ್ಟು ಗೆಲುವಿತ್ತು.

ಭಾನುವಾರ ಮತದಾನ. ಬೆಳಗ್ಗೆ ಆರೂವರೆಗೆ ಇಬ್ಬರೂ ಅಭ್ಯರ್ಥಿಗಳನ್ನು ಎಬ್ಬಿಸಿ ಅಣಕು ಮತದಾನ ಮಾಡಿಸಿದರು. ಹತ್ತು ಕಲ್ಲು ಹಾಕಿ, ಎಣಿಸಿ, ಪೆಟ್ಟಿಗೆ ಖಾಲಿ ಮಾಡಿ, "ಖಾಲಿ ಐತೆ ತಾನೇ? ನೋಡ್ಕೊಳ್ಳಿ, ಆಮೇಲೆ ನನ್ನ ಕೇಳ್ಬೇಡಿ," ಎಂದು ಮೂರೂ ಕಡೆ ಸೀಲು ಇಟ್ಟರು. ರಘು ಅಣ್ಣ ಟೀ ಮಗ್ ಹಿಡಿದುಕೊಂಡು ಗೊಣಗುತ್ತಲೇ ಇದ್ದರು. ಆಮೇಲೆ ದಿನವಿಡೀ ಮೇಷ್ಟ್ರ ಗೊಂಬೆ ಬೂತಿನಿಂದ ಬೂತಿಗೆ ಓಡಾಡಿತು. ಸುಮ್ಮನೆ ನಿಂತವರನ್ನು ಆಟ ಹೊರಗೆ ಹಾಕುತ್ತದೆ. ಅದಕ್ಕೆ ನಿಂತಲ್ಲೂ ಒಂದು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಇಡುತ್ತಲೇ ಇದ್ದರು. ಮಧ್ಯಾಹ್ನ ಮುದ್ದೆಯನ್ನು ಲ್ಯಾಪ್‌ಟಾಪಿನ ಮುಂದೆಯೇ ಉಂಡರಂತೆ.

ಅತ್ಲೋನ್‌ನ ಉಳಿದ ಮೂವರು ಆ ದಿನ ಬರಲಿಲ್ಲ. ಇಬ್ಬರು ಹುಡುಗಿಯರು ಊರಿನಲ್ಲಿದ್ದರು, ಅಲ್ಲಿ ಕರೆಂಟ್ ಇಲ್ಲ ಎಂದು ಗ್ರೂಪಿನಲ್ಲಿ ಹಾಕಿದರು. ಇನ್ನೊಬ್ಬ ಶಿಫ್ಟ್ ಮುಗಿಸಿ ಬಂದು ನಿದ್ದೆ ಹೋಗಿ, ಎದ್ದ ಮೇಲೆ ಕ್ಷಮೆ ಕೇಳಿದ. ನಾನು ನಾಲ್ಕು ಗಂಟೆಗೆ ಹೋದೆ. ಮೇಷ್ಟ್ರ ಗೊಂಬೆ ಬಾಗಿಲಲ್ಲಿತ್ತು.

"ಬಾರಮ್ಮ. ಒಳಗೆ ನೀನೊಬ್ಬಳೇ," ಅಂದು ಗೊಂಬೆ ನನಗೆ ಬೆನ್ನು ತಿರುಗಿಸಿ ಗೋಡೆ ನೋಡಿಕೊಂಡು ನಿಂತಿತು.

ಎರಡು ಗುಂಡಿಯ ಮುಂದೆ ನಾನು ಸ್ವಲ್ಪ ಹೊತ್ತು ನಿಂತೆ. ಉಂಡ ಮನೆಗೆ ಎರಡು ಬಗೆಯಬಾರದು ಎಂದು ಅಮ್ಮ ಹೇಳುತ್ತಾಳೆ. ಆದರೆ ಕೆರೆ ಬೀದಿಯ ಬಸ್ ಸ್ಟ್ಯಾಂಡಿನಲ್ಲಿ ನಾನು ಎಷ್ಟೋ ಸಂಜೆ ಕೂತಿದ್ದೆ. ಅದನ್ನು ಒಡೆದದ್ದು ತಪ್ಪು. ಕಲ್ಲನ್ನು ಕೊಡೆಯ ಗುಂಡಿಗೆ ಹಾಕಿದೆ. ಆಗ ನನಗೆ ಸಂತೋಷವಾಯಿತು. ತಿಂಗಳುಗಳ ಮೇಲೆ ಏನಾದರೂ ಆದದ್ದು ಅದೇ ಮೊದಲು, ಅದಕ್ಕೇ ನೆನಪಿದೆ. ಕೈತೊಳೆದು ಹೋಗಿ ಅನ್ನ ಸಾರು ಮಾಡಿಕೊಂಡು ಉಂಡೆ.

ಆರು ಗಂಟೆಗೆ ಎಣಿಕೆ. ಎಲ್ಲರೂ ವಿಡಿಯೊ ಕಾಲಿಗೆ ಬಂದಿದ್ದೆವು. ಮೇಷ್ಟ್ರ ಮಗಳು ಆಸ್ಪತ್ರೆಯಲ್ಲಿದ್ದರು. ಮೇಷ್ಟ್ರು ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡಿದ್ದರು. ಅಭ್ಯರ್ಥಿಗಳಿಗೆ ಸೀಲು ತೋರಿಸಿ, ಸರಿಯಿದೆ ಅನ್ನಿಸಿ, ಒಂದೊಂದೇ ಪೆಟ್ಟಿಗೆ ತೆಗೆದು ಎಣಿಸಿ ಹಾಳೆಯಲ್ಲಿ ಬರೆದುಕೊಂಡರು. ಆಮೇಲೆ ಕನ್ನಡಕ ಏರಿಸಿ ಓದತೊಡಗಿದರು. ಬೂತುವಾರು ಲೆಕ್ಕ ಕೊಡುವುದು ಅವರ ಮೂವತ್ತು ವರ್ಷದ ಅಭ್ಯಾಸ. ಅದು ಬಿಟ್ಟು ಬೇರೆ ರೀತಿ ಇರಬಹುದೆಂದು ಅವರಿಗೂ ಹೊಳೆದಿರಲಿಲ್ಲ, ನಮಗೂ ಹೊಳೆದಿರಲಿಲ್ಲ.

"ಬೂತ್ ಸಂಖ್ಯೆ ಒಂದು, ಡಬ್ಲಿನ್. ಕುರ್ಚಿ ಎಂಟು. ಕೊಡೆ ಆರು. ಬೂತ್ ಸಂಖ್ಯೆ ಎರಡು, ಕಾರ್ಕ್. ಕುರ್ಚಿ ನಾಲ್ಕು. ಕೊಡೆ ಆರು."

ಹನ್ನೆರಡು, ಹನ್ನೆರಡು. ಯಾರೋ ಶಿಳ್ಳೆ ಹೊಡೆದರು.

"ಬೂತ್ ಸಂಖ್ಯೆ ಮೂರು, ಅತ್ಲೋನ್. ಒಟ್ಟು ಮತದಾರರು ನಾಲ್ಕು. ಚಲಾವಣೆಯಾದ ಮತ ಒಂದು. ಕುರ್ಚಿ ಸೊನ್ನೆ. ಕೊಡೆ..."

ಅವರು ನಿಲ್ಲಿಸಿದರು. ನಿಲ್ಲಿಸಿ ಪ್ರಯೋಜನವಿರಲಿಲ್ಲ. ಆ ಒಂದು ಮತ ಯಾರದೆಂದು ಗ್ರೂಪಿನಲ್ಲಿ ಎಲ್ಲರಿಗೂ ಗೊತ್ತಿತ್ತು. ವಿಡಿಯೊ ಕಾಲಿನಲ್ಲಿ ಯಾರು ಯಾರನ್ನು ನೋಡುತ್ತಿದ್ದಾರೆ ಎಂದು ತಿಳಿಯುವುದಿಲ್ಲ. ಆದರೂ ಇಪ್ಪತ್ತೈದು ಮುಖಗಳೂ ನನ್ನನ್ನೇ ನೋಡುತ್ತಿವೆ ಅನ್ನಿಸಿತು. ರಘು ಅಣ್ಣನ ಪಕ್ಕ ಕೂತಿದ್ದ ಸುಮಾ ಅತ್ತಿಗೆ ಕೈಯಲ್ಲಿದ್ದ ಲೋಟ ಕೆಳಗಿಟ್ಟರು.

ಮೇಷ್ಟ್ರು ಕನ್ನಡಕ ತೆಗೆದರು. ಶರ್ಟಿನ ಅಂಚಿನಲ್ಲಿ ಒರೆಸಿದರು, ಮತ್ತೆ ಹಾಕಿಕೊಂಡರು, ಹಾಳೆ ನೋಡಿದರು.

"ಒಂದ್ ನಿಮಿಷ," ಅಂದರು. "ಈ ಎಣಿಕೆ ನಡೆಯಲ್ಲ."

"ಯಾಕೆ ಮೇಷ್ಟ್ರೇ?" ಅಂದಳು ರೇಷ್ಮಾ.

"ಮಧ್ಯಾಹ್ನ ನಾನು ಸೀಲ್ ತೆಗೆದ್ ನೋಡಿದೀನಿ. ಎಷ್ಟಾಗೈತೆ ಅಂತ ಕುತೂಹಲ ಆಯ್ತು. ಮೂರೂ ಪೆಟ್ಟಿಗೆ ತೆಗ್ದೆ. ಕಲ್ಲು ವಾಪಸ್ ಹಾಕುವಾಗ ಯಾವುದು ಎಲ್ಲೀದು ಅಂತ ಕಲಸಿಹೋಯ್ತು."

"ಈಗ ತಾನೇ ಸೀಲ್ ತೋರಿಸಿದ್ರಿ. ಸರಿ ಇತ್ತಲ್ಲ?"

"ಆಮೇಲೆ ಹೊಸ ಇಟ್ಟಿಗೆ ಇಟ್ಟೆನಮ್ಮ. ನನ್ನ ತಪ್ಪು. ರೀಪೋಲ್ ಆಗ್ಬೇಕು."

"ಮೇಷ್ಟ್ರೇ, ನಾನು ಗೆದ್ದಿದೀನಿ," ಅಂದಳು ರೇಷ್ಮಾ. ಅವಳ ದನಿ ಈಗಲೂ ಏರಲಿಲ್ಲ.

"ಕ್ಷಮಿಸಮ್ಮ. ಗೆಲುವು ಇನ್ನೊಂದ್ ಸಲ ಬಂದ್ರೂ ಬಂದೀತು," ಅಂದರು ಮೇಷ್ಟ್ರು. ಮುಂದೆ ಏನೋ ಹೇಳಲು ಹೊರಟವರು ಅರ್ಧಕ್ಕೆ ನಿಲ್ಲಿಸಿದರು.

ಅವರು ಪೆಟ್ಟಿಗೆ ಮುಟ್ಟಿರಲಿಲ್ಲ. ಪಿನ್ ಒತ್ತುವಾಗ ಗೋಡೆ ನೋಡುವ ಮನುಷ್ಯ ಕುತೂಹಲಕ್ಕೆ ಸೀಲು ಒಡೆಯುತ್ತಾರೆಯೇ? ಸುಳ್ಳು ಹೇಳಿ ಅಭ್ಯಾಸವಿಲ್ಲದವರ ಹಾಗೆ ಹಾಳೆ ನೋಡಿಕೊಂಡು ಒಂದೊಂದೇ ಪದ ಹೇಳುತ್ತಿದ್ದರು. ನಾನು ಮೈಕ್ ಆನ್ ಮಾಡಿ "ಹೌದು, ಅದು ನನ್ನ ಓಟು, ಎಣಿಸಿ" ಅನ್ನಬಹುದಿತ್ತು. ಅಷ್ಟೇ ಸಾಕಾಗಿತ್ತು. ನಾನು ಮ್ಯೂಟಿನಲ್ಲೇ ಕೂತಿದ್ದೆ. ಧೈರ್ಯ ಬರಲಿಲ್ಲ, ನಾಚಿಕೆಯೂ ಆಗಲಿಲ್ಲ. ನಾಚಿಕೆ ಆಮೇಲೆ, ತುಂಬಾ ತಡವಾಗಿ ಬಂತು.

ರಘು ಅಣ್ಣ ಮೊದಲು ಬಾಯಿಬಿಟ್ಟರು. "ಏನ್ ಮೇಷ್ಟ್ರೇ ಇದು. ನಿಮ್ಮನ್ನ ನಂಬಿ ಕೊಟ್ಟಿದ್ವಿ. ಮೂವತ್ತು ವರ್ಷದ ಸರ್ವೀಸು ಅಂತೀರಿ, ಕೊನೆಗೆ ನೀವೇ ಹಿಂಗ್ ಮಾಡಿದ್ರೆ? ಸರಿ, ಅಧಿಕಾರಿನೇ ಒಪ್ಕೊಂಡ್ ಮೇಲೆ ಏನ್ ಮಾಡಕ್ಕಾಗುತ್ತೆ. ಮುಂದಿನ ವಾರ ಮತ್ತೆ ಮಾಡೋಣ. ಬೂತು ಗೀತು ಬೇಡ, ಫೋನಲ್ಲೇ ಒತ್ತೋಣ."

ಯಾರೋ ನಕ್ಕರು. ಮೇಷ್ಟ್ರು "ಆಗ್ಲಪ್ಪ" ಅಂದರು. ಅರ್ಧ ಗಂಟೆಯಲ್ಲಿ ಗ್ರೂಪಿಗೆ ಅವರ ಕೈಬರಹದ ಒಂದು ಹಾಳೆ ಬಂತು. ತಮ್ಮ ಅಜಾಗರೂಕತೆಯಿಂದ ಮತದ ಪೆಟ್ಟಿಗೆಗಳು ಕೆಟ್ಟವೆಂದೂ ಅದಕ್ಕೆ ತಾವೊಬ್ಬರೇ ಹೊಣೆಯೆಂದೂ ಬರೆದು, ಸಹಿ ಹಾಕಿ, ಸಹಿಯ ಕೆಳಗೆ 'ಮತಗಟ್ಟೆ ಅಧಿಕಾರಿ' ಎಂದು ಬರೆದು ಅದರ ಮೇಲೆ ಒಂದು ಗೆರೆ ಎಳೆದು ಹೊಡೆದುಹಾಕಿದ್ದರು.

ಆ ವಾರ ಸುಮಾ ಅತ್ತಿಗೆ ಫೋನ್ ಮಾಡಿದರು. ಲ್ಯಾಬ್ ಹೇಗಿದೆ, ಹೀಟರ್ ಸರಿಯಾಯಿತಾ ಎಂದೆಲ್ಲ ಕೇಳಿದರು. "ಚಟ್ನಿಪುಡಿ ಮುಗೀತಾ? ಕಳಿಸ್ತೀನಿ ಬಿಡು," ಅಂದರು. ಅದರಲ್ಲಿ ಬೆದರಿಕೆ ಇತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಪಾರ್ಸೆಲ್ ಶುಕ್ರವಾರ ಬಂತು. ಭಾನುವಾರ ಫೋನಿನಲ್ಲಿ, ನನ್ನ ರೂಮಿನಲ್ಲಿ, ಯಾರೂ ನೋಡದಿರುವಾಗ, ನಾನು ಕುರ್ಚಿಯನ್ನು ಒತ್ತಿದೆ.

ಕುರ್ಚಿ ಹದಿಮೂರು, ಕೊಡೆ ಹನ್ನೆರಡು. ಉಳಿದ ಇಪ್ಪತ್ತನಾಲ್ಕು ಜನ ಹೋದ ಸಲದ ಹಾಗೇ ಹಾಕಿದ್ದಾರೆ, ಒಂದು ಮಾತ್ರ ಈ ಕಡೆಯಿಂದ ಆ ಕಡೆಗೆ ಸರಿದಿದೆ ಎಂದು ತಿಳಿಯಲು ಲೆಕ್ಕದ ಮೇಷ್ಟ್ರೇ ಬೇಕಾಗಿರಲಿಲ್ಲ. ರೇಷ್ಮಾ ಮತ್ತು ಕಾರ್ಕಿನ ಐವರು ಆ ತಿಂಗಳೇ 'ನಮ್ಮೂರು' ಬಿಟ್ಟರು. ಕೆರೆಯ ಪಕ್ಕ ಸ್ಟೇಡಿಯಂ ಎದ್ದಿತು. ನಾನು ಎಂದಿನಂತೆ ಸಂಜೆ ಆರಕ್ಕೆ ಹೋಗುತ್ತಿದ್ದೆ.

ಎರಡನೇ ಮತದಾನವಾದ ಎರಡು ದಿನಕ್ಕೆ ಮೇಷ್ಟ್ರ ಫೋನ್ ಬಂತು.

"ಏನಮ್ಮಾ ಅತ್ಲೋನು, ಊಟ ಆಯ್ತಾ?"

ಆಯ್ತು ಅಂದೆ. ಇಲ್ಲಿಯ ಬಿಸಿಲನ್ನು ನಂಬಿ ಹಪ್ಪಳ ಒಣಗಿಸಲು ಹೋಗಿ ಹೆಂಡತಿ ಕೈಸುಟ್ಟುಕೊಂಡ ಕತೆ ಹೇಳಿದರು. ಮೊಮ್ಮಗು ಅಂಬೆಗಾಲಿಡುತ್ತಿರುವುದನ್ನು ಹೇಳಿದರು. ನಾನು ತಡೆಯಲಾಗದೆ, "ಮೇಷ್ಟ್ರೇ, ಮೊನ್ನೆ ನಾನು..." ಎಂದು ಶುರು ಮಾಡಿದೆ.

"ಹೇಳ್ಬೇಡ," ಅಂದರು. ಅಷ್ಟು ಗಟ್ಟಿಯಾಗಿ ಅವರು ಮಾತಾಡಿದ್ದು ನಾನು ಕೇಳಿರಲಿಲ್ಲ. "ಮೊದಲ್ನೇದೂ ಹೇಳ್ಬೇಡ, ಎರಡನೇದೂ ಹೇಳ್ಬೇಡ. ನೀನು ಹೇಳಿದ್ರೆ ನಾನು ಮಾಡಿದ್ದೆಲ್ಲ ದಂಡ. ನೀನು ಯಾರಿಗೆ ಹಾಕಿದೆ ಅನ್ನೋದು ನಂಗೊತ್ತಿಲ್ಲ."

"ನೀವೇ ಓದಿದ್ರಿ ಮೇಷ್ಟ್ರೇ."

"ಓದಿದ್ದು ತಪ್ಪು. ನಾಲ್ಕು ಮತದ ಪೆಟ್ಟಿಗೇನ ಬೇರೆ ಎಣಿಸ್ಬಾರ್ದು ಅಂತ ಎಳೇ ಮಗುವಿಗೂ ಗೊತ್ತಾಗುತ್ತೆ. ನಂಗೆ ಗೊತ್ತಾಗ್ಲಿಲ್ಲ. ಅಭ್ಯಾಸಬಲ. ನಾನು ಅಧಿಕಾರಿ ಆಗಿದ್ದಾಗ ಒಬ್ಬಳ ಓಟು ಬಯಲಿಗೆ ಬಂತು. ಹಂಗ್ ನೋಡಿದ್ರೆ ನಾನು ಹೇಳಿದ್ದು ಪೂರ್ತಿ ಸುಳ್ಳೇನಲ್ಲ, ಪೆಟ್ಟಿಗೆ ಕೆಡಿಸಿದ್ದು ನಾನೇ ತಾನೆ?" ಆಮೇಲೆ ಮಾತು ಬದಲಿಸಿದರು. "ನೆಟ್ಟಗೆ ಉಣ್ಣಮ್ಮ. ದನಿ ಸಣ್ಣಗಾಗೈತೆ."

ಬೈದಿದ್ದರೆ ಒಳ್ಳೆಯದಿತ್ತು. ಫೋನ್ ಇಟ್ಟ ಮೇಲೆ ಅಳು ಬರಬಹುದೆಂದು ಕಾದೆ. ಬರಲಿಲ್ಲ. ಲ್ಯಾಬಿನ ಬಟ್ಟೆ ಮೆಷಿನ್ನಿಗೆ ಹಾಕಿದೆ.

ಆಮೇಲೆ ಅವರು ಆಟಕ್ಕೆ ಬರುವುದು ನಿಂತಿತು. 'ನನ್ ಬೂತಲ್ಲಿ ರೀಪೋಲ್ ಆಗಿಲ್ಲ' ಎಂಬ ಮಾತನ್ನು ಅವರ ಬಾಯಲ್ಲಿ ಮತ್ತೆ ಯಾರೂ ಕೇಳಲಿಲ್ಲ. ನೀರಿಲ್ಲದೆ ಅವರ ರಾಗಿ ಒಣಗಿ ಆ ಜಾಗ ಬಟ್ಟಬಯಲಾಯಿತು. ವಿಮಾನ ಶುರುವಾಗಿ, ಮಧ್ಯೆ ಊರಿನಲ್ಲಿ ಕೊರೋನಾ ತಗ್ಗಿದೆ ಅನ್ನಿಸಿದಾಗ ಗಂಡ ಹೆಂಡತಿ ಮಧುಗಿರಿಗೆ ಹೊರಟರು. ಏರ್‌ಪೋರ್ಟಿಗೆ ಹೋಗಿ ಕಳಿಸಿಕೊಡಲು ನನಗೆ ಐದು ಕಿಲೋಮೀಟರ್ ನಿಯಮ ಅಡ್ಡ ಬಂತು. ಅಡ್ಡ ಬಂದದ್ದು ಅನುಕೂಲವೇ ಆಯಿತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಅವರು ಹೋದ ಎರಡು ತಿಂಗಳಿಗೆ ಊರಿನಲ್ಲಿ ಎರಡನೇ ಅಲೆ ಎದ್ದಿತು. ತುಮಕೂರಿನ ಆಸ್ಪತ್ರೆಯೊಂದರಲ್ಲಿ ಎಂಟು ದಿನವಿದ್ದು ಮೇಷ್ಟ್ರು ತೀರಿಕೊಂಡರು. ಇಲ್ಲಿ ಕೋವಿಡ್ ವಾರ್ಡಿನಲ್ಲಿ ದಿನಾ ಹತ್ತು ಜನರನ್ನು ನೋಡುವ ಮಗಳಿಗೆ ಅಪ್ಪನ ಹತ್ತಿರ ಹೋಗಲಾಗಲಿಲ್ಲ. ಗ್ರೂಪಿನಲ್ಲಿ ಎಲ್ಲರೂ 'ಓಂ ಶಾಂತಿ' ಹಾಕಿದರು. ನಾನೂ ಹಾಕಿದೆ.

ಆ ಭಾನುವಾರ ವಿಡಿಯೊ ಕಾಲಿನಲ್ಲಿ ಶ್ರದ್ಧಾಂಜಲಿ. ಮೇಷ್ಟ್ರ ಮಗಳು ಬಂದಿದ್ದರು, ಕ್ಯಾಮೆರಾ ಆಫ್ ಮಾಡಿ. ರಘು ಅಣ್ಣನೇ ಮೊದಲು ಮಾತಾಡಿದರು. ಚೆನ್ನಾಗಿಯೇ ಮಾತಾಡಿದರು. ಹಿರಿಯರು, ಸರಳ ಜೀವಿ, ನಮ್ಮೂರಿಗೆ ಕಳೆ ತಂದವರು ಎಂದರು. "ಆ ಪೆಟ್ಟಿಗೆ ವಿಷಯ ಒಂದು ಎಡವಟ್ಟಾಯ್ತು. ವಯಸ್ಸಾಗಿತ್ತು, ಪಾಪ. ಅದನ್ನ ಬಿಟ್ರೆ ಅಪ್ಪಟ ಮನುಷ್ಯ," ಎಂದು ಮುಗಿಸಿದರು.

ಎಡವಟ್ಟು ಎಂಬ ಮಾತು ಕೇಳಿದ ಕೂಡಲೇ ನನ್ನ ಕೈ ಮೈಕಿನ ಗುರುತಿನ ಮೇಲೆ ಹೋಗಿತ್ತು. ಹೇಳಬೇಡ ಎಂದಿದ್ದರು. ಆದರೆ ಸತ್ತವರ ಮೇಲೆ ಆ ಮಾತನ್ನು ಬಿಟ್ಟು ಸುಮ್ಮನಿರಲು ನನಗೆ ಆಗಲಿಲ್ಲ.

"ಅವರು ಪೆಟ್ಟಿಗೆ ತೆಗೆದಿರ್ಲಿಲ್ಲ," ಅಂದೆ. "ಅತ್ಲೋನ್ ಓಟು ನಂದು. ಕೊಡೆಗೆ ಹಾಕಿದ್ದೆ. ಅದನ್ನ ಮುಚ್ಚಕ್ಕೆ ಅಂತ ಸುಳ್ಳು ಹೇಳಿದ್ರು. ನಾನು ಸುಮ್ನಿದ್ದೆ. ಎರಡನೇ ಸಲ ಹೆದರಿ ಕುರ್ಚಿಗೆ ಹಾಕಿದೆ."

ರಘು ಅಣ್ಣ ಕೆಮ್ಮಿದರು. ಆಮೇಲೆ, ಮಗುವಿಗೆ ಸಮಾಧಾನ ಹೇಳುವ ಹಾಗೆ ಅಂದರು: "ಬಿಡಮ್ಮ, ಅವತ್ತೇ ಗೊತ್ತಿತ್ತು. ಇಲ್ಲಿ ಎಲ್ರಿಗೂ ಗೊತ್ತಿತ್ತು. ಯಾರೂ ಮನಸ್ಸಿಗೆ ಹಚ್ಕೊಂಡಿಲ್ಲ."

ಸುಮಾ ಅತ್ತಿಗೆ ತಲೆಯಾಡಿಸಿದರು. ಇನ್ನೂ ಇಬ್ಬರು ಮೂವರು ತಲೆಯಾಡಿಸಿದರು. ನಾನು ಕೂತೇ ಇದ್ದೆ. ಗೊತ್ತಿದ್ದೇ ಅವರನ್ನು ಅಷ್ಟೆಲ್ಲ ಅಂದಿರಾ ಎಂದು ಕೇಳಲು ಬಾಯಿ ಬರಲಿಲ್ಲ.

ಕಪ್ಪಗಿದ್ದ ಚೌಕವೊಂದರಲ್ಲಿ ಮೈಕ್ ತೆರೆದುಕೊಂಡಿತು. ಮೇಷ್ಟ್ರ ಮಗಳು.

"ನಂಗೊತ್ತಿರ್ಲಿಲ್ಲ," ಅಂದರು. "ಅವತ್ತು ಡ್ಯೂಟಿಯಿಂದ ಬರೋ ದಾರೀಲೇ, ಅಪ್ಪ ಪೆಟ್ಟಿಗೆ ಕೆಡಿಸಿದ್ರು ಅಂತ ಸುಮಾ ಫೋನ್ ಮಾಡಿ ಹೇಳಿದ್ರು. ನಂಗೆ ಮರ್ಯಾದೆ ಹೋದ ಹಾಗಾಯ್ತು. ಬಂದವಳೇ, ಒಂದು ಆಟಾನೂ ನೆಟ್ಟಗೆ ನಡೆಸಕ್ಕಾಗಲ್ವಾ ಅಪ್ಪಾ ಅಂದೆ. ಹತ್ತು ದಿನ ಮಾತಾಡಿಸ್ಲಿಲ್ಲ. ಅಪ್ಪ ತಟ್ಟೆ ತಗೊಂಡು ಮೇಲಿನ ರೂಮಿಗೆ ಹೋಗಿ ಒಬ್ಬರೇ ಉಣ್ತಿದ್ರು. ನಿಮ್ಮಲ್ಲಿ ಯಾರಾದ್ರೂ ನಂಗೆ ಹೇಳ್ಬೋದಿತ್ತು."